ವಿದ್ಯಾನಗರದ ಬಾಡಿಗೆ ರೂಮು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯ ಶಿಕ್ಷಕರು ಫೋನ್ ಮಾಡಿ, "ನಿಮ್ಮ ಸಾಧನೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಸರ್" ಎಂದರು. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿ ಸೇರಿ, ಈಗ ಪ್ರಥಮ ದರ್ಜೆ ಸಹಾಯಕನಾಗಿದ್ದೇನೆ. ಇದರಲ್ಲಿ ಸಾಧನೆ ಎಂದು ಹೇಳುವಂಥದ್ದು ಏನೂ ಇಲ್ಲ. ನನಗಿಂತ ಮೊದಲು ಮಾತಾಡಿದ ಡಾಕ್ಟರು, ಇಂಜಿನಿಯರು ಅದನ್ನು ಚೆನ್ನಾಗಿ ಹೇಳಿದ್ದಾರೆ. ಅದಕ್ಕೇ ನಾನು ಬೇರೊಂದು ವಿಷಯ ಆರಿಸಿಕೊಂಡೆ. ಬಾಡಿಗೆ ರೂಮಿನ ವಿಷಯ. ನಗಬೇಡಿ. ಈ ಶಾಲೆಯಿಂದ ಹೊರಗೆ ಹೋದ ನಾವೆಲ್ಲ ಮೊದಲು ಕಾಲಿಟ್ಟದ್ದು ಕಾಲೇಜಿನೊಳಗಲ್ಲ, ಯಾರದೋ ಮನೆಯ ಗೇಟಿನೊಳಗೆ. ಕೈಯಲ್ಲಿ ಒಂದು ಟ್ರಂಕು, ಬಾಯಲ್ಲಿ "ಅಮ್ಮಾ, ರೂಮು ಖಾಲಿ ಐತಾ?" ಎನ್ನುವ ಮಾತು. ಪೈಥಾಗೊರಸನ ಪ್ರಮೇಯವನ್ನು ನಮ್ಮ ಮೇಷ್ಟ್ರು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಇವತ್ತಿಗೂ ಬಾಯಿಪಾಠ ಇದೆ. ಆದರೆ ಆ ಗೇಟಿನ ಹತ್ತಿರ ಹೇಗೆ ನಿಲ್ಲಬೇಕು, ಏನು ಕೇಳಬೇಕು, ಕೇಳಿದ್ದಕ್ಕೆ ಏನು ಹೇಳಬೇಕು ಎಂದು ಯಾರೂ ಕಲಿಸಿರಲಿಲ್ಲ. ಕಲಿಸುವವರಿಗೂ ಗೊತ್ತಿತ್ತೋ ಇಲ್ಲವೋ.

ನಾನು ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1990ರಲ್ಲಿ. ಚಳ್ಳಕೆರೆಯಲ್ಲಿ ಪಿಯುಸಿ ಓದಿ, 1992ರ ಜೂನ್‌ನಲ್ಲಿ ಬಿ.ಎಸ್ಸಿ. ಸೇರಲು ದಾವಣಗೆರೆಗೆ ಹೋದೆ. ಆಗ ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಕಾಗದದ ಮೇಲೆ ನಮ್ಮದೇ ಜಿಲ್ಲೆ, ಆದರೆ ಬಸ್ಸಿಳಿದರೆ ಬೇರೆಯೇ ಸೀಮೆ. ನಾವು "ಐತೆ" ಎಂದರೆ ಅವರು "ಐತಿ" ಅನ್ನುವರು. ನಾವು ಮುದ್ದೆ ಉಣ್ಣುವವರು, ಅವರು ರೊಟ್ಟಿ ಬಡಿಯುವವರು. ಅಪ್ಪ ಚಳ್ಳಕೆರೆ ಸಂತೆಯಲ್ಲಿ ಎರಡು ಟಗರು ಮಾರಿ ಫೀಸಿಗೂ ರೂಮಿಗೂ ಹಣ ಹೊಂದಿಸಿದ್ದರು. ಆ ವರ್ಷ ಮಳೆ ಕೈಕೊಟ್ಟು ಶೇಂಗಾ ಹೊಟ್ಟಿಗೂ ಸಾಲದಂತೆ ಬೆಳೆದಿತ್ತು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾವು ಸಮಾಜ ವಿಜ್ಞಾನದಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ನಾವು ಹೋಗುವ ಹೊತ್ತಿಗೆ ಗಿರಣಿಗಳ ಕಾಲ ಮುಗಿಯುತ್ತಾ ಬಂದು ಕಾಲೇಜುಗಳ ಕಾಲ ಶುರುವಾಗಿತ್ತು. ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರದ್ದು, ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರದ್ದು, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರದ್ದು. ಒಂದೊಂದು ಕಾಲೇಜು ಬಂದಾಗಲೂ ಅದರ ಸುತ್ತಲಿನ ಬಡಾವಣೆಗಳ ಸ್ವರೂಪ ಬದಲಾಯಿತು. ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್, ನಿಟುವಳ್ಳಿ, ಎಲ್ಲಿ ನೋಡಿದರೂ ಹುಡುಗರು. ಮೂವತ್ತು-ನಲವತ್ತರ ಸೈಟಿನಲ್ಲಿ ಯಜಮಾನರು ಕೆಳಗೆ ಮನೆ ಕಟ್ಟಿಕೊಂಡು, ಸಾಲ ತೀರಿಸಲು ತಾರಸಿಯ ಮೇಲೆ ಶೀಟಿನ ಒಂದು ರೂಮು ಎತ್ತುವರು. ಆ ರೂಮಿಗೆ ಹೊರಗಿನಿಂದ ಒಂದು ಕಬ್ಬಿಣದ ಏಣಿ. ಏಣಿ ಹತ್ತಿ ಇಳಿಯುವವರು ನಾವು. ಬೇಸಿಗೆಯಲ್ಲಿ ಆ ಶೀಟಿನ ಕೆಳಗೆ ಮಧ್ಯಾಹ್ನ ಕೂತು ಓದಿದವರಿಗೆ ರಸಾಯನಶಾಸ್ತ್ರ ಬೇರೆಯಾಗಿ ಕಲಿಯಬೇಕಾದದ್ದಿಲ್ಲ.

ನಾವು ರೂಮು ಹುಡುಕಲು ಹೋದದ್ದು ಮೂವರು. ಮೂವರೂ ಇದೇ ಶಾಲೆಯವರು, ಇದೇ ತರಗತಿಯ ಒಂದೇ ಬೆಂಚಿನವರು. ಒಬ್ಬ ನಾನು. ಇನ್ನೊಬ್ಬ ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾನೆ, ತಲೆ ತಗ್ಗಿಸಿಕೊಂಡಿದ್ದಾನೆ, ಇರಲಿ. ಮೂರನೆಯವನು ಮೊಳಕಾಲ್ಮುರು ಕಡೆಯ ಹಟ್ಟಿಯಿಂದ ದಿನಾ ನಡೆದು ಬರುತ್ತಿದ್ದವನು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮಿಬ್ಬರಿಗಿಂತ ಅವನಿಗೇ ಹೆಚ್ಚು ಅಂಕ. ಮೂರು ದಿನ ಸುತ್ತಿದೆವು. ರಾತ್ರಿ ಪರಿಚಯದ ಒಬ್ಬ ಟೈಲರ್ ಅಂಗಡಿಯಲ್ಲಿ ಮಲಗುವುದು, ಬೆಳಿಗ್ಗೆ ಎದ್ದು ಬೋರ್ಡು ನೋಡುತ್ತಾ ನಡೆಯುವುದು. "ಸಂಸಾರಸ್ಥರಿಗೆ ಮಾತ್ರ" ಎಂದು ಕೆಲವು ಕಡೆ ಬರೆದಿರುತ್ತಿತ್ತು. "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಕೆಲವು ಕಡೆ. ಬರೆಯದೇ ಇರುವ ಕಡೆ ಒಂದು ಪ್ರಶ್ನೆ ಇರುತ್ತಿತ್ತು: "ನೀವು ಯಾವ ಪೈಕಿನಪ್ಪಾ?"

ಹಳ್ಳಿಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಯಾವ ಕೇರಿಯಿಂದ ಬಂದ, ಯಾರ ಮಗ ಎನ್ನುವುದರಲ್ಲೇ ಉತ್ತರ ಇರುತ್ತದೆ. ಪಟ್ಟಣದಲ್ಲಿ ಮುಖ ನೋಡಿ ಗೊತ್ತಾಗದು, ಆದ್ದರಿಂದ ಕೇಳಿಯೇ ತಿಳಿಯಬೇಕು. ಪಟ್ಟಣಕ್ಕೆ ಹೋದರೆ ಇದೆಲ್ಲ ಹಿಂದೆ ಉಳಿಯುತ್ತದೆ ಎಂದು ನಾವು ಅಂದುಕೊಂಡಿದ್ದೆವು.

ಮೂರನೆಯ ದಿನ ವಿದ್ಯಾನಗರದಲ್ಲಿ ಒಂದು ರೂಮು ಒಪ್ಪಿಗೆಯಾಯಿತು. ತಿಂಗಳಿಗೆ 150 ರೂಪಾಯಿ ಬಾಡಿಗೆ, 600 ಅಡ್ವಾನ್ಸು. ಮನೆಯ ಯಜಮಾನಮ್ಮ ಒಳ್ಳೆಯ ಮಾತಿನವರು. ಕುಡಿಯಲು ನೀರು ಕೊಟ್ಟರು, ಊರು ಕೇಳಿದರು, ಅಪ್ಪ ಏನು ಮಾಡುತ್ತಾರೆ ಕೇಳಿದರು. ಕೊನೆಗೆ ಆ ಪ್ರಶ್ನೆಯನ್ನೂ ಕೇಳಿದರು. ನಾವಿಬ್ಬರು ಹೇಳಿದೆವು. ಅವನೂ ಹೇಳಿದ. ಸುಳ್ಳು ಹೇಳಬಹುದಿತ್ತು, ಅವನಿಗೆ ಅದು ಹೊಳೆಯಲಿಲ್ಲವೋ, ಬೇಡ ಅನ್ನಿಸಿತೋ. ಅಮ್ಮ ಮುಖ ಸಿಂಡರಿಸಲಿಲ್ಲ, ಗದರಲಿಲ್ಲ. "ನಾಳೆ ಬರ್ರಪ್ಪಾ, ಯಜಮಾನ್ರನ್ನ ಕೇಳಿ ಹೇಳ್ತೀನಿ" ಎಂದರು. ಮರುದಿನ ಹೋದಾಗ ಹೇಳಿದ್ದು ಇಷ್ಟೇ: "ರೂಮು ಸಣ್ಣದು. ಮೂರು ಮಂದಿಗೆ ಆಗಾಂಗಿಲ್ಲ. ಇಬ್ಬರಿಗಾದ್ರ ಕೊಡ್ತೀವಿ." ಯಾವ ಇಬ್ಬರು ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಗೇಟಿನ ಹೊರಗೆ ಬಂದು ನಿಂತೆವು. ಆಗ ನಾನು "ಹಾಗಾದರೆ ಬೇಡ, ಬೇರೆ ಕಡೆ ನೋಡೋಣ" ಎನ್ನಬೇಕಾಗಿತ್ತು. ಅದು ನನ್ನ ಗಂಟಲವರೆಗೂ ಬಂದಿತ್ತು ಎಂದು ಹೇಳಿದರೆ ಸುಳ್ಳಾದೀತು. ಬಂದಿರಲಿಲ್ಲ. ಮೂರು ದಿನ ನಡೆದು ಕಾಲು ನೋಯುತ್ತಿತ್ತು, ಸೋಮವಾರದಿಂದ ಕ್ಲಾಸು ಶುರು, ಅಪ್ಪನ ಟಗರಿನ ಹಣ ಜೇಬಿನಲ್ಲಿ ಕರಗುತ್ತಿತ್ತು. ಮಾತಾಡಿದವನು ಅವನೇ. "ನೀವು ಹಿಡೀರಿ. ನಂಗೆ ಹಾಸ್ಟೆಲ್ ಆಗಬಹುದು" ಎಂದ. ಅಡ್ವಾನ್ಸಿಗೆ ಮೂವರೂ 200 ರೂಪಾಯಿಯಂತೆ ಹಾಕುವುದೆಂದು ಮಾತಾಗಿತ್ತು. ಇಬ್ಬರೇ ಆದಾಗ ನಮ್ಮ ಹತ್ತಿರ 600 ಆಗಲಿಲ್ಲ. ಅವನು ತನ್ನ 200ನ್ನು ನಮ್ಮ ಕೈಗಿಟ್ಟ. "ಆಮೇಲೆ ಕೊಡ್ರಿ." ಹಾಗೆ, ಅವನಿಗೆ ಕೊಡದ ರೂಮಿಗೆ ಅವನ ಹಣವೂ ಸೇರಿ ನಮಗೆ ಬೀಗದ ಕೈ ಸಿಕ್ಕಿತು.

ಅವನು ಎರಡು ತಿಂಗಳಿಗೂ ಹೆಚ್ಚು ಕಾಲ ಅದೇ ಟೈಲರ್ ಅಂಗಡಿಯಲ್ಲಿ, ಕತ್ತರಿಸಿದ ಬಟ್ಟೆ ಚೂರಿನ ಮೂಟೆ ಪಕ್ಕ ಮಲಗಿದ. ಅಂಗಡಿ ಮುಚ್ಚುವುದು ರಾತ್ರಿ ಹತ್ತಕ್ಕೆ, ಅಲ್ಲಿಯವರೆಗೆ ಬಸ್ ನಿಲ್ದಾಣದ ದೀಪದ ಕೆಳಗೆ ಓದುತ್ತಿದ್ದ. ಸೆಪ್ಟೆಂಬರಿನಲ್ಲಿ ಸರ್ಕಾರಿ ಹಾಸ್ಟೆಲಿನ ಎರಡನೇ ಪಟ್ಟಿಯಲ್ಲಿ ಹೆಸರು ಬಂತು. ಭಾನುವಾರ ನಮ್ಮ ರೂಮಿಗೆ ಬರುತ್ತಿದ್ದ. ಬಂದರೆ ಏಣಿ ಹತ್ತಿ ಮೇಲೆ ಬರುತ್ತಿರಲಿಲ್ಲ, ರಸ್ತೆಯಿಂದಲೇ ಸಿಳ್ಳೆ ಹಾಕುವನು, ನಾವು ಇಳಿದು ಹೋಗುವೆವು. ಮೂವರೂ ಸೇರಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗುತ್ತಿದ್ದೆವು. ಯಾಕೆ ಮೇಲೆ ಬರುವುದಿಲ್ಲ ಎಂದು ನಾವು ಒಮ್ಮೆಯೂ ಕೇಳಲಿಲ್ಲ.

ಆ ಮನೆಯವರನ್ನು ಕೆಟ್ಟವರೆಂದು ಚಿತ್ರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಅವರು ಕೆಟ್ಟವರಾಗಿರಲಿಲ್ಲ. ಯುಗಾದಿಗೆ ಹೋಳಿಗೆ ಮೇಲೆ ಬರುತ್ತಿತ್ತು. ನನಗೆ ಕಾಮಾಲೆ ಆದಾಗ ಆ ಅಮ್ಮ ಹದಿನೈದು ದಿನ ಖಾರವಿಲ್ಲದ ಅನ್ನ ಮಜ್ಜಿಗೆ ಮಾಡಿ ಕೊಟ್ಟರು, ನಮ್ಮ ಅವ್ವನಿಗೆ ಕಾಗದ ಬರೆಸಿದರು. ಅದೇ ಅಮ್ಮ, ಅದೇ ಕೈ. ಮೂವತ್ತು ವರ್ಷ ಕಳೆದರೂ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ನನಗೆ ತಿಳಿದಿಲ್ಲ.

ರೂಮಿನ ಬದುಕಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಮಕ್ಕಳಿಗೆ ಬೇಸರ ಆಗಬಾರದು. ನಮ್ಮಲ್ಲಿ ಗ್ಯಾಸ್ ಇರಲಿಲ್ಲ. ಸೀಮೆಎಣ್ಣೆ ಸ್ಟೌ. ಸೀಮೆಎಣ್ಣೆ ಸಿಗುವುದು ರೇಷನ್ ಕಾರ್ಡಿಗೆ, ಕಾರ್ಡು ಇರುವುದು ಊರಿನಲ್ಲಿ. ಹಾಗಾಗಿ ಊರಿಂದ ಬರುವಾಗ ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ, ಹುಣಸೆಹಣ್ಣಿನ ಜೊತೆಗೆ ಒಂದು ಡಬ್ಬಿ ಸೀಮೆಎಣ್ಣೆಯನ್ನೂ ಬಸ್ಸಿನಲ್ಲಿ ಬಚ್ಚಿಟ್ಟುಕೊಂಡು ತರುತ್ತಿದ್ದೆವು. ಅಪರಾಧ, ಗೊತ್ತು. ಕಂಡಕ್ಟರ್ ಮೂಗು ಅರಳಿಸಿ ಸುತ್ತ ನೋಡುವಾಗ ನಾವು ನಿದ್ದೆ ಬಂದವರಂತೆ ಕಣ್ಣು ಮುಚ್ಚುತ್ತಿದ್ದೆವು. ಪಕ್ಕದ ರೂಮಿನಲ್ಲಿ ಜಗಳೂರು, ಹರಪನಹಳ್ಳಿ ಕಡೆಯ ಹುಡುಗರು. ಅವರಿಗೆ ಬೆಳಿಗ್ಗೆಯ ಬಸ್ಸಿಗೆ ಊರಿಂದ ಬುತ್ತಿ ಬರುತ್ತಿತ್ತು, ಕ್ಯಾರಿಯರಿನ ಮೇಲೆ ಬಣ್ಣದಲ್ಲಿ ಹೆಸರು ಬರೆದಿರುತ್ತಿತ್ತು. ಬಸ್ ನಿಲ್ದಾಣದಲ್ಲಿ ಹತ್ತಾರು ಹುಡುಗರು ಆ ಕ್ಯಾರಿಯರುಗಳಿಗೆ ಕಾಯುವುದನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮೂರಿಂದ ಬುತ್ತಿ ಕಳಿಸಿದರೆ ಅದು ತಲುಪುವ ಹೊತ್ತಿಗೆ ಹಳಸುತ್ತಿತ್ತು. ಅವರು ನಮಗೆ ರೊಟ್ಟಿ ಕೊಡುವರು, ನಾವು ಅವರಿಗೆ ಮುದ್ದೆ ನುಂಗುವುದನ್ನು ಕಲಿಸಿದೆವು. ಒಬ್ಬ ಅದನ್ನು ಅಗಿದು ಅಗಿದು ಅತ್ತೇಬಿಟ್ಟ.

ಮೂರು ವರ್ಷ ಮುಗಿದು ರೂಮು ಬಿಡುವಾಗ ಸುಣ್ಣ, ರಿಪೇರಿ, ಕರೆಂಟಿನ ಬಾಕಿ ಎಂದು ಲೆಕ್ಕ ಹಾಕಿ 600ರಲ್ಲಿ 180 ಕೈಗೆ ಕೊಟ್ಟರು. ನಮ್ಮಲ್ಲಿ ಒಂದು ಚೀಟಿಯೂ ಇರಲಿಲ್ಲ, ವಾದಿಸಲು ಬಾಯಿಯೂ ಇರಲಿಲ್ಲ. ಗೆಳೆಯನ 200 ಅಷ್ಟು ಹೊತ್ತಿಗೆ ತೀರಿಸಿದ್ದೆವು. ಎರಡು ವರ್ಷ ಹಿಡಿಯಿತು, ಇಪ್ಪತ್ತು ಮೂವತ್ತರ ಕಂತಿನಲ್ಲಿ. ಪ್ರತಿ ಸಲವೂ ಅವನು ಎಣಿಸಿಯೇ ಜೇಬಿಗೆ ಇಟ್ಟುಕೊಂಡ. ಅವನು ಎಣಿಸಿದ್ದು ನನಗೆ ಆಗ ನೋವಾಗಿತ್ತು. ಯಾಕೆ ನೋವಾಗಬೇಕಿತ್ತೋ!

ಈಗ ಕಥೆಯ ಇನ್ನೊಂದು ಭಾಗ. 2009ರಲ್ಲಿ ಬ್ಯಾಂಕ್ ಸಾಲ ಮಾಡಿ ಅದೇ ಬಡಾವಣೆಯ ಅಂಚಿನಲ್ಲಿ ಮನೆ ಕಟ್ಟಿಸಿದೆ. ಮೇಲೆ ಎರಡು ರೂಮು, ವಿದ್ಯಾರ್ಥಿಗಳಿಗೆ. ಈ ಸಲ ಶೀಟಲ್ಲ, ಆರ್‌ಸಿಸಿ, ಅಷ್ಟಾದರೂ ನೆನಪಿತ್ತು. ಓನರ್ ಆದ ಮೇಲೆ ಓನರುಗಳ ಕಷ್ಟವೂ ಗೊತ್ತಾಯಿತು. ಮೋಟಾರ್ ಆಫ್ ಮಾಡದೆ ಟ್ಯಾಂಕ್ ಉಕ್ಕಿಸುವ ಹುಡುಗರು, ರಾತ್ರಿ ಒಂದು ಗಂಟೆಗೆ ಬೈಕಿನ ಸೈಲೆನ್ಸರ್, ಗೇಟಿನ ಮುಂದೆ ಹುಟ್ಟುಹಬ್ಬದ ಕೇಕು, ಮೂರು ತಿಂಗಳ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಹೋದ ಒಬ್ಬ ಪುಣ್ಯಾತ್ಮ. ಅವನು ಬಿಟ್ಟುಹೋದದ್ದು ಒಂದು ಮುರಿದ ಮಂಚ, ಒಂದು ಗಣಿತದ ಗೈಡು. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಆರು ಜನ ಹುಡುಗರು ದಿನಾ ಎರಡು ಹೊತ್ತು ಸ್ನಾನ ಮಾಡಿದರೆ ಕೆಳಗಿನ ಮನೆಯ ಹೆಂಗಸರ ಕಷ್ಟ ಏನು ಎನ್ನುವುದನ್ನು ನನ್ನ ಹೆಂಡತಿಯೇ ಬಂದು ಹೇಳಬೇಕು.

ಆ ಮೊದಲ ವರ್ಷ ಒಬ್ಬ ಬ್ರೋಕರ್ ಬಂದಿದ್ದ. "ಯಾವ ಪೈಕಿಯೋರಿಗೆ ಕೊಡ್ತೀರಿ ಸರ್?" ಎಂದು ಕೇಳಿದ. ಕಾಫಿಯೋ ಟೀಯೋ ಎಂದು ಕೇಳುವ ಹಾಗೆ. "ಯಾರಾದರೂ ಸರಿ" ಎಂದು ನಾನು ತಟ್ಟನೆ ಹೇಳಿದೆ ಎಂದು ನೀವು ಅಂದುಕೊಂಡಿದ್ದರೆ, ಇಲ್ಲ. "ನೋಡೋಣ" ಎಂದೆ. ಆ ವರ್ಷ ರೂಮು ಕೊಟ್ಟದ್ದು ನೆಂಟರ ಕಡೆಯಿಂದ ಬಂದ ನಮ್ಮವರಿಗೇ. ಪರಿಚಯದವರು, ನಂಬಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆ ರಾತ್ರಿ ನನ್ನ ಹೆಂಡತಿ, "ಹಂಗಾದ್ರೆ ಆ ಅಮ್ಮ ಮಾಡಿದ್ದೇನು ತಪ್ಪು?" ಎಂದಳು. ಅವಳಿಗೆ ನಾನು ಆ ಕಥೆ ಎಷ್ಟೋ ಸಲ ಹೇಳಿದ್ದೆ, ನನ್ನನ್ನು ಒಳ್ಳೆಯವನನ್ನಾಗಿ ಮಾಡಿಕೊಂಡು. ಮರುವರ್ಷದಿಂದ ಬ್ರೋಕರನ್ನು ಬಿಟ್ಟೆ. ಈಗ ಕೇಳುವುದು ಯಾವ ಕಾಲೇಜು, ಮನೆಯವರ ಫೋನ್ ನಂಬರ್ ಏನು, ಬೈಕ್ ಇದೆಯೇ ಎಂದು. ಬೈಕ್ ಇದ್ದವರಿಗೆ ಸ್ವಲ್ಪ ಭಾಷಣ ಇರುತ್ತದೆ.

ಮಕ್ಕಳೇ, ಪೋಷಕರೇ, ಇನ್ನೆರಡು ಮಾತು. ರೂಮಿಗಿಂತ ಮೊದಲು ಹಾಸ್ಟೆಲ್ ನೋಡಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ಎಲ್ಲ ಇಲಾಖೆಗಳಿಗೂ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಅರ್ಜಿಯ ದಿನ ತಪ್ಪಿದರೆ ವರ್ಷವೇ ತಪ್ಪಿದಂತೆ. ಜಾತಿ, ಆದಾಯ ಪ್ರಮಾಣಪತ್ರವನ್ನು ಫಲಿತಾಂಶ ಬಂದ ಮೇಲೆ ಮಾಡಿಸುತ್ತೇನೆಂದು ಕೂರಬೇಡಿ, ಈಗಲೇ ಮಾಡಿಸಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ. ಊಟ ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಎಂದು ಆರಂಭವಾದ ಯೋಜನೆ. ಪಟ್ಟಣದಲ್ಲಿ ಅದು ಬಾಡಿಗೆಗೇ ಸಾಲದು, ಆದರೂ ಬಿಡಬೇಡಿ.

ರೂಮೇ ಹಿಡಿಯುವುದಾದರೆ ಕೊಟ್ಟ ಹಣಕ್ಕೆಲ್ಲ ದಾಖಲೆ ಇರಲಿ. ಈಗ ಫೋನಿನಲ್ಲೇ ಹಣ ಕಳಿಸುತ್ತೀರಿ, ಅದೇ ಸಾಕ್ಷಿ. ಒಳಗೆ ಕಾಲಿಡುವ ದಿನವೇ ಗೋಡೆ, ಕಿಟಕಿ, ಮೀಟರ್ ಎಲ್ಲದರ ಫೋಟೋ ತೆಗೆದು ಓನರಿಗೆ ಕಳಿಸಿಬಿಡಿ. ಬಿಡುವಾಗ ಸುಣ್ಣದ ಜಗಳ ಬರುವುದಿಲ್ಲ. ಕರಾರು ಪತ್ರ ಯಾಕೆ ಹನ್ನೊಂದೇ ತಿಂಗಳಿಗೆ ಎಂದು ಹುಡುಗರು ಕೇಳುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು, ಆ ಖರ್ಚು ತಪ್ಪಿಸಲು ಹನ್ನೊಂದು. ಬೆಂಗಳೂರಿಗೆ ಹೋಗುವವರಿಗೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವವರು ಸಿಗುತ್ತಾರೆ, ಗಾಬರಿಯಾಗಬೇಡಿ, ಅದು ಅಲ್ಲಿಯ ಹಳೇ ಪದ್ಧತಿ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕು ಎನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿ. ಚೌಕಾಸಿ ಮಾಡುವಾಗ ಹೇಳಲು ಒಂದು ಮಾತಾದರೂ ಆಯಿತು.

ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರನ್ನು ಯಾವುದೇ ಬಡಾವಣೆಯ ಮನೆಯಲ್ಲಿ ವಾಸಿಸದಂತೆ ತಡೆಯುವುದು 1955ರ ಕಾಯ್ದೆಯ ಪ್ರಕಾರ ಶಿಕ್ಷೆಗೆ ಗುರಿಯಾಗುವ ಅಪರಾಧ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಅದಕ್ಕೆ ಈಗಿನ ಹೆಸರು. ನಾವು ಮೂವರು ಆ ಗೇಟಿನ ಹೊರಗೆ ನಿಂತಾಗ ಅದಕ್ಕೆ ಮೂವತ್ತೇಳು ವರ್ಷ ತುಂಬಿತ್ತು. ಕಾಯ್ದೆಗೆ ಸಿಗುವ ಹಾಗೆ ಯಾರೂ ಮಾತಾಡುವುದಿಲ್ಲ ಎನ್ನುವುದೇ ಕಷ್ಟ. "ರೂಮು ಸಣ್ಣದು" ಎನ್ನುತ್ತಾರೆ. "ಈಗ ತಾನೇ ಯಾರೋ ಹೇಳಿಹೋದರು" ಎನ್ನುತ್ತಾರೆ. ಆಗ ಜೊತೆಗೆ ಹೋದ ಉಳಿದವರು ಏನು ಮಾಡುತ್ತಾರೆ ಎನ್ನುವುದೊಂದೇ ಉಳಿಯುವುದು. ನಾನು ಏನು ಮಾಡಿದೆ ಎಂದು ಹೇಳಿದ್ದೇನೆ.

ಆ ಗೆಳೆಯ ಈಗ ಬೇರೆ ಜಿಲ್ಲೆಯಲ್ಲಿ ಪ್ರೌಢಶಾಲೆಯ ಗಣಿತ ಮೇಷ್ಟ್ರು. ಈ ಸಮಾರಂಭಕ್ಕೆ ಬಾ ಎಂದು ಕರೆದೆ. ಪರೀಕ್ಷಾ ಕೆಲಸ ಇದೆ ಎಂದ. ಇದನ್ನು ವೇದಿಕೆಯಲ್ಲಿ ಹೇಳಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ನನ್ನ ಹೆಸರು ಬ್ಯಾಡ" ಎಂದ. ಫೋನ್ ಇಡುವ ಮುಂಚೆ ಮತ್ತೆ, "ಆ ಏಣಿ ಇನ್ನೂ ಐತಾ?" ಎಂದು ಕೇಳಿದ. ಇಲ್ಲ, ಆ ಮನೆ ಕೆಡವಿ ಮೂರು ಮಹಡಿಯ ಪಿಜಿ ಕಟ್ಟಿದ್ದಾರೆ, ಹೆಣ್ಣುಮಕ್ಕಳ ಪಿಜಿ, ಎಂದೆ. ಈ ಶಾಲೆಯ ಇಬ್ಬರು ಹುಡುಗಿಯರು ಈಗ ಅಲ್ಲೇ ಇದ್ದಾರೆ ಎಂದೂ ಹೇಳಿದೆ. "ಯಾವ ಊರೋರು?" ಎಂದ. ಒಬ್ಬಳು ನಿಮ್ಮ ಹಟ್ಟಿಯವಳೇ ಎಂದೆ.

ಜೂನ್ ಹೊತ್ತಿಗೆ ನಮ್ಮ ಮೇಲಿನ ಒಂದು ರೂಮು ಖಾಲಿಯಾಗುತ್ತದೆ. ಇಬ್ಬರಿಗೆ ಧಾರಾಳ, ಮೂವರಾದರೂ ಆಗುತ್ತದೆ. ಹಾಸ್ಟೆಲ್ ಅರ್ಜಿಗೆ ಬೇಕಾದ ದಾಖಲೆಗಳ ಪಟ್ಟಿಯನ್ನೂ ನನ್ನ ಫೋನ್ ನಂಬರನ್ನೂ ಮುಖ್ಯ ಶಿಕ್ಷಕರ ಕೈಯಲ್ಲಿ ಕೊಟ್ಟಿದ್ದೇನೆ. ಊಟಕ್ಕೆ ಹೊತ್ತಾಯಿತು.